ಬಣ್ಣ ಬದಲಿಸುತ್ತಿರುವ ಮಚ್ಚೆಯನ್ನು ತೆಗೆಸಲು ಹೆದರಬೇಕೆ?

ಪ್ರಶ್ನೆ: ನನಗೆ 22 ವರ್ಷ. ಊರು ಹೊಳಲ್ಕೆರೆ ಕಡೆಯ ಹಳ್ಳಿ. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಕಾಂ. ಓದುತ್ತಿದ್ದೇನೆ. ಬಲಭುಜದ ಹಿಂದೆ ಚಿಕ್ಕಂದಿನಿಂದ ಇರುವ ಮಚ್ಚೆ ಒಂದು ವರ್ಷದಿಂದ ಅಗಲವಾಗುತ್ತಿದೆ, ಅದರ ಒಂದು ಅಂಚು ಕಡುಕಪ್ಪಾಗಿದೆ. ಅಂಗಾಲಿನಲ್ಲಿಯೂ ಹೊಸದೊಂದು ಕಾಣಿಸಿಕೊಂಡಿದೆ. ಮಚ್ಚೆಗೆ ಬ್ಲೇಡು ತಾಗಿದರೆ ಕ್ಯಾನ್ಸರ್ ಆಗುತ್ತದೆಂದು ಅಮ್ಮ ಹೆದರುತ್ತಾರೆ. ಭುಜದ ಮಚ್ಚೆ ಅದೃಷ್ಟದ್ದು, ತೆಗೆಸಬಾರದು ಎಂಬುದು ಅಜ್ಜಿಯ ಮಾತು. ಪಾರ್ಲರಿನಲ್ಲಿ ಸುಡಿಸಿದರೆ ಕಲೆಯೇ ಉಳಿಯುವುದಿಲ್ಲವೆಂದು ಗೆಳತಿ ಹೇಳುತ್ತಾಳೆ. ಮನೆಯಲ್ಲಿ ಮದುವೆಯ ಮಾತೂ ನಡೆದಿದೆ. ನಾನು ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ವಯಸ್ಸಿನಲ್ಲಿ ಹೊಸ ಮಚ್ಚೆಗಳು ಮೂಡುವುದೂ ಇದ್ದವು ತುಸು ಉಬ್ಬುವುದೂ ಸಹಜ, ಇಂತಹ ಬದಲಾವಣೆಗಳಲ್ಲಿ ಹೆಚ್ಚಿನವು ನಿರಪಾಯಕಾರಿಯಾಗಿರುತ್ತವೆ. ಮಚ್ಚೆಯ ಬಣ್ಣದ ಕೋಶಗಳಿಂದ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ನಮ್ಮ ಜನರಲ್ಲಿ ಅಪರೂಪ. ಆದರೂ ನೀವು ಬರೆದಿರುವ ಭುಜದ ಮಚ್ಚೆಯನ್ನು ತಜ್ಞರು ನೋಡಲೇಬೇಕು, ಏಕೆಂದರೆ ಎರಡು ಅರ್ಧಗಳು ಒಂದೇ ತೆರನಾಗಿಲ್ಲದಿರುವುದು, ಅಂಚು ಒಡ್ಡೊಡ್ಡಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣ ಕಾಣುವುದು, ಅಗಲ 6 ಮಿಲಿಮೀಟರ್ ಮೀರುವುದು ಎಂಬ ಲಕ್ಷಣಗಳೆಲ್ಲಕ್ಕಿಂತ ನಾವು ಹೆಚ್ಚು ಬೆಲೆ ಕೊಡುವುದು, ಮಚ್ಚೆ ತಿಂಗಳುಗಳ ಅವಧಿಯಲ್ಲಿ ತನ್ನ ರೂಪ ಬದಲಿಸಿದೆ ಎಂಬ ಒಂದು ಮಾತಿಗೆ. ಅದನ್ನು ಗಮನಿಸಿ ಬರೆದದ್ದು ನೀವು ಮಾಡಿದ ಒಳ್ಳೆಯ ಕೆಲಸ.

ನಿಮ್ಮ ತಾಯಿಯವರ ಭಯವನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಬ್ಲೇಡು ತಾಗಿದ ಮಾತ್ರಕ್ಕೆ ಮಚ್ಚೆ ಕ್ಯಾನ್ಸರ್ ಆಗುವುದಿಲ್ಲ. ಮೊದಲೇ ಕ್ಯಾನ್ಸರ್ ಇದ್ದ ಮಚ್ಚೆಯನ್ನು ಪರೀಕ್ಷೆಯಿಲ್ಲದೆ ಅರೆಬರೆ ಕತ್ತರಿಸಿ, ಉಳಿದದ್ದು ಮುಂದೆ ಬೆಳೆದಾಗ ಜನ ಬ್ಲೇಡನ್ನು ದೂಷಿಸಿರುತ್ತಾರೆ. ಈ ಕಾರಣಕ್ಕಾಗಿಯೇ ಗೆಳತಿಯ ಸಲಹೆ ನನಗೆ ಹೆಚ್ಚು ಕಳವಳ ತರುತ್ತದೆ. ಲೇಸರಿನಿಂದಲೋ ವಿದ್ಯುತ್ತಿನಿಂದಲೋ ಸುಟ್ಟ ಮೇಲೆ ಸೂಕ್ಷ್ಮದರ್ಶಕದಡಿ ನೋಡಲು ಏನೂ ಉಳಿಯುವುದಿಲ್ಲ. ಮೇಲಿನ ಬಣ್ಣ ಹೋಗಿ ಆಳದ ಕೋಶಗಳು ಉಳಿದಿದ್ದರೆ ಅದು ತಿಳಿಯುವ ದಾರಿಯೇ ಮುಚ್ಚುತ್ತದೆ. ಬದಲಾಗುತ್ತಿರುವ ಮಚ್ಚೆಯನ್ನು ಪಾರ್ಲರಿನಲ್ಲಿ ಸುಡಿಸಬೇಡಿ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವ ಪದ್ಧತಿಯೂ ಬೇಡ, ಅದು ಚರ್ಮವನ್ನು ಆಳವಾಗಿ ಸುಡುತ್ತದೆ.

ಅಂಗಾಲಿನದನ್ನು ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ಆದರೆ ನಮ್ಮಂತಹ ಕಂದು ಮೈಬಣ್ಣದವರಲ್ಲಿ ಮೆಲನೋಮ ಬಂದರೆ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಬರುವ ಸಂಭವವೇ ಹೆಚ್ಚು. ಬಿಸಿಲು ಬೀಳದ ಜಾಗವೆಂದು ಅದನ್ನು ಅಲಕ್ಷಿಸುವಂತಿಲ್ಲ. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ನೋಡಿದಾಗ, ಅಂಗಾಲಿನ ಗೆರೆಗಳ ತಗ್ಗಿನಲ್ಲಿ ಬಣ್ಣ ನಿಂತಿದ್ದರೆ ಸಾಮಾನ್ಯವಾಗಿ ನೆಮ್ಮದಿ. ಗೆರೆಗಳ ನಡುವಿನ ದಿಣ್ಣೆಗಳ ಮೇಲೆ ಹರಡಿದ್ದರೆ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಡರ್ಮೋಸ್ಕೋಪಿನಿಂದ ನೋಡುವುದಕ್ಕೆ ನೋವಿಲ್ಲ, ಕೆಲವೇ ನಿಮಿಷ ಸಾಕು. ಹೋದಾಗ ಎರಡೂ ಪಾದ, ಬೆನ್ನು, ಉಗುರುಗಳನ್ನು ತೋರಿಸಲು ಸಂಕೋಚಪಡಬೇಡಿ. ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು.

ತೆಗೆಯಬೇಕೆಂದು ತಜ್ಞರು ನಿರ್ಧರಿಸಿದರೆ, ಮಚ್ಚೆಯ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ, ಆ ಒಂದು ಚುಚ್ಚಿನ ಉರಿ ಮಾತ್ರ ನಿಮಗೆ ತಿಳಿಯುತ್ತದೆ. ಸುತ್ತಲಿನ ಸುಮಾರು 2 ಮಿಲಿಮೀಟರ್ ಒಳ್ಳೆಯ ಚರ್ಮದ ಸಮೇತ ದೋಣಿಯಾಕಾರದಲ್ಲಿ ಕತ್ತರಿಸಿ ಹೊಲಿಗೆ ಹಾಕುತ್ತಾರೆ. ಅದೇ ದಿನ ಮನೆಗೆ ಬರಬಹುದು. ಭುಜದ ಹಿಂದಿನ ಹೊಲಿಗೆ ಬಿಚ್ಚಲು 10ರಿಂದ 14 ದಿನ ಬೇಕು. ಅಷ್ಟು ದಿನ ಭಾರದ ಬ್ಯಾಗ್ ಹೊರದಿರುವುದು ಒಳಿತು. ತೆಗೆದ ತುಂಡು ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗಿದೆಯೆಂದು ಖಚಿತಪಡಿಸಿಕೊಂಡು, ವರದಿಯ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಕ್ಯಾನ್ಸರ್ ಅಲ್ಲದ ವರದಿ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಒಂದು ವೇಳೆ ಮೆಲನೋಮದ ಆರಂಭವೆಂದು ತಿಳಿದರೂ, ತೆಳುವಾಗಿರುವಾಗಲೇ ಸಿಕ್ಕಿದ್ದಕ್ಕೆ ಸುತ್ತಲಿನ ಚರ್ಮವನ್ನು ಇನ್ನಷ್ಟು ಅಗಲ ತೆಗೆಯುವುದೇ ಬಹುಪಾಲು ಚಿಕಿತ್ಸೆಯಾಗಿರುತ್ತದೆ. ಹಾಗೆಂದು ಮೈಮೇಲಿನ ಎಲ್ಲ ಮಚ್ಚೆಗಳನ್ನೂ ತೆಗೆಸಿಬಿಡುವ ಅಗತ್ಯವಿಲ್ಲ. ಹೆಚ್ಚಿನ ಮೆಲನೋಮಗಳು ಹಳೆಯ ಮಚ್ಚೆಯಿಲ್ಲದ ಚರ್ಮದಲ್ಲಿಯೇ ಹೊಸದಾಗಿ ಹುಟ್ಟುತ್ತವೆ.

ಕಲೆಯ ವಿಷಯದಲ್ಲಿ ನಾನು ಸುಳ್ಳು ಭರವಸೆ ಕೊಡಲಾರೆ. ಭುಜ, ಎದೆ, ಬೆನ್ನಿನ ಮೇಲ್ಭಾಗದ ಗಾಯ ಮಾಗಿದ ಮೇಲೆ ಗೆರೆಯೊಂದು ಉಳಿಯುತ್ತದೆ, ಕೆಲವರಲ್ಲಿ ಅದು ದಪ್ಪ ಕೀಲಾಯ್ಡ್ ಆಗಿ ಉಬ್ಬುತ್ತದೆ. ಕಿವಿ ಚುಚ್ಚಿಸಿದ ಜಾಗ ನಿಮಗಾಗಲಿ ಮನೆಯವರಿಗಾಗಲಿ ಹಾಗೆ ಉಬ್ಬಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮದುವೆಯ ಮಾತಿಗೆ ಈ ಗೆರೆ ಅಡ್ಡಿಯಾದೀತೆಂದು ಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಜ್ಜಿಯವರ ನಂಬಿಕೆಯೊಂದಿಗೆ ವಾದಕ್ಕಿಳಿಯಬೇಕಿಲ್ಲ; ಪರೀಕ್ಷೆಗೆ ಕಳಿಸಬೇಕಾದ ಮಚ್ಚೆಯೆಂದು ವೈದ್ಯರೇ ಹೇಳಿದ್ದಾರೆಂದರೆ ಅವರಿಗೂ ಮನವರಿಕೆಯಾದೀತು. ನಿಮಗೆ 18 ತುಂಬಿರುವುದರಿಂದ ಒಪ್ಪಿಗೆಯ ಸಹಿ ನಿಮ್ಮದೇ ಸಾಕು, ಆದರೂ ಅಮ್ಮನನ್ನು ಜೊತೆಗೆ ಕರೆದೊಯ್ದರೆ ಅವರ ಭಯಕ್ಕೆ ವೈದ್ಯರ ಬಾಯಿಂದಲೇ ಉತ್ತರ ಸಿಗುತ್ತದೆ.

ನೀವು ಓದುತ್ತಿರುವ ದಾವಣಗೆರೆಯಲ್ಲಿಯೇ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಬಾಪೂಜಿ ಆಸ್ಪತ್ರೆಯೂ ಇವೆ. ಅಲ್ಲಿಯ ಚರ್ಮರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಹೊರಡುವ ಮುನ್ನ ಹಾಸ್ಟೆಲಿನ ಗೆಳತಿಯೊಬ್ಬರಿಂದ ಎರಡೂ ಮಚ್ಚೆಗಳ ಪಕ್ಕ ಸ್ಕೇಲು ಹಿಡಿಸಿ, ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಿ. ಇದನ್ನು ಈ ತಿಂಗಳೊಳಗೆ ಮಾಡಿ. ರಕ್ತ ಒಸರುವುದು, ಹುಣ್ಣಾಗುವುದು ಕಂಡರೆ ಈ ವಾರವೇ ಹೋಗಿ.