ಪ್ವಾರೊನ ಕೊನೆಯ ಕೇಸು: ನಿಮ್ಮ ಪತ್ರ, ನನ್ನ ಉತ್ತರ

ಅಗಾಥಾ ಕ್ರಿಸ್ಟಿಯವರ ‘ಕರ್ಟನ್’ ಓದಿ, ಅನಿಸಿದ್ದನ್ನು ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ತೇದಾರ ಹರ್ಕ್ಯೂಲ್ ಪ್ವಾರೊ ಸಾಯುವ ಕಾದಂಬರಿ ಅದು. ಕೆಲವರು ಅತ್ತಿದ್ದಾರೆ, ಕೆಲವರಿಗೆ ಸಿಟ್ಟು ಬಂದಿದೆ. ಕೊಲೆಗಾರ ಯಾರು ಅಂತ ನಾನು ಇಲ್ಲಿ ಹೇಳುವುದಿಲ್ಲ. ಇನ್ನೂ ಓದದವರು ಧೈರ್ಯವಾಗಿ ಮುಂದುವರಿಯಿರಿ.

ಮೇಡಂ, ಪ್ವಾರೊನ ಒಂದು ಪುಸ್ತಕವನ್ನೂ ನಾನು ಓದಿಲ್ಲ. ಲೈಬ್ರರಿಯಲ್ಲಿ ಸಿಕ್ಕಿದ್ದು ಇದೊಂದೇ. ಇದರಿಂದಲೇ ಶುರು ಮಾಡಲಾ?
– ಓದುಗರು, ಹಾಸನ

ಬೇಡ, ದಯವಿಟ್ಟು ಬೇಡ. ಮೊದಲು 1920ರ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಹುಡುಕಿ. ಅದು ಮೊದಲ ಮಹಾಯುದ್ಧದ ಕಾಲದ ಕಥೆ. ಬೆಲ್ಜಿಯಂನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತ ಪ್ವಾರೊ, ಗಾಯಗೊಂಡು ಸೇನೆಯಿಂದ ಮರಳಿದ ಅವನ ಗೆಳೆಯ ಹೇಸ್ಟಿಂಗ್ಸ್. ಇಬ್ಬರೂ ಸೇರಿ ಪತ್ತೆ ಮಾಡುವ ಮೊದಲ ಕೊಲೆ ನಡೆಯುವುದು ಸ್ಟೈಲ್ಸ್ ಎಂಬ ದೊಡ್ಡ ಮನೆಯಲ್ಲಿ. ‘ಕರ್ಟನ್’ ನಡೆಯುವುದೂ ಅದೇ ಮನೆಯಲ್ಲೇ. ಈಗ ಅದು ದುಡ್ಡು ಕೊಟ್ಟು ಉಳಿಯುವ ಗೆಸ್ಟ್ ಹೌಸ್. ಆ ಮನೆಯ ಒಳ್ಳೆಯ ದಿನಗಳನ್ನು ನೋಡದೆ ಇದ್ದರೆ ಹೇಸ್ಟಿಂಗ್ಸ್ ಯಾಕೆ ಅಷ್ಟು ಕಳೆಗುಂದಿದ್ದಾನೆ ಅಂತ ಗೊತ್ತಾಗುವುದೇ ಇಲ್ಲ.

1972ರ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ ನನಗೆ ಸಪ್ಪೆ ಅನಿಸಿತ್ತು. ಮೂರು ವರ್ಷ ಬಿಟ್ಟು ಬಂದ ‘ಕರ್ಟನ್’ ಎಷ್ಟು ಬಿಗಿಯಾಗಿದೆ! ಇದು ಹೇಗೆ?
– ಓದುಗರು, ಹುಬ್ಬಳ್ಳಿ

ನಿಮ್ಮ ಕಿವಿ ಚುರುಕಾಗಿದೆ. ‘ಕರ್ಟನ್’ ಅಚ್ಚಾಗಿದ್ದು 1975ರಲ್ಲಿ, ಆದರೆ ಕ್ರಿಸ್ಟಿ ಅದನ್ನು ಬರೆದಿದ್ದು ಎರಡನೇ ಮಹಾಯುದ್ಧದ ದಿನಗಳಲ್ಲಿ. ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಅವರು ಅಲ್ಲಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡುತ್ತಿದ್ದರು. ತಾನು ಸತ್ತರೆ ಮನೆಯವರಿಗೆ ಏನಾದರೂ ಇರಲಿ ಅಂತ ಎರಡು ಕಾದಂಬರಿ ಬರೆದು ಬ್ಯಾಂಕಿನಲ್ಲಿ ಭದ್ರವಾಗಿ ಇಡಿಸಿದರು. ಪ್ವಾರೊನದು ಮಗಳು ರೊಸಾಲಿಂಡ್‌ಗೆ, ತಮ್ಮ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್‌ಳದು ಗಂಡ ಮ್ಯಾಕ್ಸ್‌ಗೆ. ಅಂದರೆ ನೀವು ಓದಿದ್ದು ಐವತ್ತರ ಆಸುಪಾಸಿನ ಕ್ರಿಸ್ಟಿಯನ್ನು. ಆನೆಗಳ ಪುಸ್ತಕ ಬರೆದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಪುಸ್ತಕದ ಬಗ್ಗೆ ಕಟುವಾಗಿ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ.

1916ರಲ್ಲೇ ನಿವೃತ್ತ ಪೊಲೀಸ್ ಅಧಿಕಾರಿ. ಹಾಗಾದರೆ 1975ರಲ್ಲಿ ಪ್ವಾರೊನ ವಯಸ್ಸೆಷ್ಟು?
– ಓದುಗರು, ಮಡಿಕೇರಿ

ನೂರು ದಾಟಿರಬೇಕು. ಅಷ್ಟು ವಯಸ್ಸಾದವನಿಂದ ಶುರು ಮಾಡಿದ್ದು ತಪ್ಪಾಯಿತು ಅಂತ ಕ್ರಿಸ್ಟಿಯವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಕೊಲೆಗಾರ ಯಾರೆಂದು ಪ್ವಾರೊಗೆ ಮೊದಲೇ ಗೊತ್ತು. ಹೇಸ್ಟಿಂಗ್ಸ್‌ಗೆ ಹೇಳುವುದೇ ಇಲ್ಲ. ಜೀವಮಾನದ ಗೆಳೆಯನನ್ನು ಹೀಗೆ ಕತ್ತಲಲ್ಲಿ ಇಡುವುದು ಅವಮಾನ ಅಲ್ವಾ? ಓದುಗರಿಗೂ ಮೋಸ.
– ಓದುಗರು, ಮಂಗಳೂರು

ನೀವು ಹೇಳುವುದು ನಿಜ. ಐದು ಹಳೆಯ ಕೊಲೆಗಳ ಹಿಂದೆ ಒಬ್ಬನೇ ಇದ್ದಾನೆ, ಅವನೀಗ ಇದೇ ಮನೆಯಲ್ಲಿದ್ದಾನೆ ಎನ್ನುವ ಪ್ವಾರೊ ಅವನನ್ನು ‘ಎಕ್ಸ್’ ಅಂತಷ್ಟೇ ಕರೆಯುತ್ತಾನೆ. ನಿನ್ನ ಮುಖ ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆ, ಅದಕ್ಕೇ ಹೆಸರು ಹೇಳುವುದಿಲ್ಲ ಅನ್ನುವುದು ಅವನ ಕಾರಣ. ಮೊದಲ ಸಲ ಓದಿದಾಗ ನನಗೂ ಸಿಟ್ಟು ಬಂದಿತ್ತು.

ಎರಡನೇ ಸಲ ಓದಿದ್ದು ಅಪ್ಪನಿಗಾಗಿ. ಲಕ್ವ ಹೊಡೆದು ಅವರು ಮಲಗಿದಲ್ಲೇ ಇದ್ದರು. ಪೋಸ್ಟ್ ಮಾಸ್ಟರಾಗಿದ್ದ ಅಪ್ಪನೇ ನನಗೆ ಪತ್ತೇದಾರಿ ಕಥೆಗಳ ರುಚಿ ಹತ್ತಿಸಿದವರು. ಸಂಜೆ ಕಾಫಿ ಆದಮೇಲೆ ಹತ್ತು ಪುಟ ಓದಿ, ಕನ್ನಡದಲ್ಲಿ ಹೇಳುತ್ತಿದ್ದೆ. ಗಾಲಿಕುರ್ಚಿಯಲ್ಲಿ ಕುಳಿತ ಪ್ವಾರೊನನ್ನು ಹೇಸ್ಟಿಂಗ್ಸ್ ನೋಡುವ ಜಾಗ ಬಂದಾಗ ನನ್ನ ಗಂಟಲು ಕಟ್ಟಿತು. ಅಪ್ಪ ಸುಮ್ನೆ ಕೈ ಆಡಿಸಿದರು, ಮುಂದೆ ಓದು ಅಂತ.

ಆಗ ನನಗೆ ಬೇರೆಯೇ ಕಥೆ ಕಾಣಿಸಿತು. ಹೇಸ್ಟಿಂಗ್ಸ್‌ನ ಹೆಂಡತಿ ತೀರಿಕೊಂಡಿದ್ದಾಳೆ. ಜೊತೆಗಿರುವ ಮಗಳು ಜುಡಿತ್ ಅಪ್ಪನಿಗೆ ಮನಸ್ಸು ಬಿಚ್ಚುವುದಿಲ್ಲ. ಅವಳ ಚಿಂತೆಯಲ್ಲಿ ಅವನಿಗೆ ತಲೆಯೇ ಕೆಡುತ್ತದೆ. ಪ್ವಾರೊಗೆ ಕುರ್ಚಿಯಿಂದ ಏಳಲು ಆಗುವುದಿಲ್ಲ, ಆದರೂ ಕಣ್ಣು ಗೆಳೆಯನ ಮೇಲೇ. ಹೆಸರು ಬಚ್ಚಿಟ್ಟಿದ್ದು ಅವನನ್ನು ಕೀಳಾಗಿ ಕಂಡಿದ್ದಕ್ಕಲ್ಲ, ಕಾಯುವುದಕ್ಕೆ. ಹೇಸ್ಟಿಂಗ್ಸ್‌ಗೆ ಕೇಳಿಸಿದ ಅವನ ಕೊನೆಯ ಮಾತು ‘ಪ್ರಿಯ ಗೆಳೆಯಾ’ ಅಂತ. ವಿವರಣೆಯೆಲ್ಲ ಬರುವುದು ಸತ್ತು ನಾಲ್ಕು ತಿಂಗಳ ಮೇಲೆ, ಕಾಗದದ ರೂಪದಲ್ಲಿ. ಆ ಕಾಗದ ಶುರುವಾಗುತ್ತಿದ್ದಂತೆ ಅಪ್ಪ ‘ಇವತ್ತಿಗೆ ಸಾಕು’ ಅಂದರು. ಮುಂದಿನ ಎರಡು ದಿನ ಪುಸ್ತಕ ತೆಗೆಯಲು ಬಿಡಲಿಲ್ಲ. ಮೂರನೇ ದಿನ ತಾವೇ ಕೇಳಿ ಓದಿಸಿಕೊಂಡರು.

ಓದುಗರಿಗೆ ಮೋಸ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಸುಳಿವುಗಳೆಲ್ಲ ನಮ್ಮ ಕಣ್ಣೆದುರೇ ಇವೆ. ಹೇಸ್ಟಿಂಗ್ಸ್ ಅವನ್ನು ನೋಡಲಿಲ್ಲ, ನಾವೂ ನೋಡಲಿಲ್ಲ.

ಕೊನೆಯಲ್ಲಿ ಪ್ವಾರೊ ಮಾಡಿದ್ದು ತಪ್ಪು. ಅವನ ಮೇಲಿದ್ದ ಗೌರವ ಕಮ್ಮಿಯಾಯಿತು.
– ಓದುಗರು, ಬೆಂಗಳೂರು

ಅವನೇನು ಮಾಡಿದ ಅಂತ ಇಲ್ಲಿ ಬರೆಯುವಂತಿಲ್ಲ. ನನಗೂ ಅದು ಸರಿ ಅನಿಸಿಲ್ಲ. ಆದರೆ ಆ ಕಾಗದವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ತಾನು ಮಾಡಿದ್ದು ನ್ಯಾಯವೋ ಅಲ್ಲವೋ ತನಗೆ ಗೊತ್ತಿಲ್ಲ ಅಂತ ಅವನೇ ಹೇಳುತ್ತಾನೆ. ಜೀವನವಿಡೀ ‘ನನಗೆ ಎಲ್ಲ ಗೊತ್ತು’ ಎಂದು ಮೀಸೆ ತಿರುವಿದವನ ಬಾಯಲ್ಲಿ ಈ ಮಾತು! ಅದಕ್ಕೇ ನನಗೆ ಗೌರವ ಜಾಸ್ತಿಯಾಯಿತು.

ಪ್ವಾರೊ ಸತ್ತಾಗ ಪೇಪರಿನಲ್ಲಿ ಸುದ್ದಿ ಬಂದಿತ್ತಂತೆ, ನಿಜವಾ?
– ಓದುಗರು, ದಾವಣಗೆರೆ

ನಿಜ. 1975ರ ಆಗಸ್ಟ್ 6ರಂದು ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲೇ ಅವನ ಸಾವಿನ ಸುದ್ದಿ ಹಾಕಿತು. ಮರುವರ್ಷ ಜನವರಿ 12ರಂದು ಕ್ರಿಸ್ಟಿ ತೀರಿಕೊಂಡರು.

ಮುಂದಿನ ಸಂಚಿಕೆಗೆ, ಬ್ಯಾಂಕಿನಲ್ಲಿ ಕಾದಿದ್ದ ಆ ಇನ್ನೊಂದು ಪುಸ್ತಕ: ಮಿಸ್ ಮಾರ್ಪಲ್‌ಳ ‘ಸ್ಲೀಪಿಂಗ್ ಮರ್ಡರ್’. ಓದಿ ಬರೆಯಿರಿ. ಕೊಲೆಗಾರನ ಹೆಸರನ್ನು ಮಾತ್ರ ಕಾರ್ಡಿನ ಮೇಲೆ ಬರೆಯಬೇಡಿ, ಲಕೋಟೆಯೊಳಗೆ ಇಡಿ.