ಹಾಡುಗಳನ್ನು ಅಕ್ರಮವಾಗಿ ಡೌನ್‌ಲೋಡ್ ಮಾಡಿಕೊಂಡರೆ ಕಲಾವಿದರಿಗೆ ನಿಜಕ್ಕೂ ನಷ್ಟವೇ?

ಹೌದು, ನಷ್ಟವೇ. ಅದೂ ಹೆಸರು ಮಾಡಿದ ಗಾಯಕರಿಗಿಂತ ಸಣ್ಣ ಕಲಾವಿದರಿಗೇ ಹೆಚ್ಚು. ದೊಡ್ಡವರಿಗೆ ವೇದಿಕೆ ಕಾರ್ಯಕ್ರಮಗಳ ಸಂಭಾವನೆಯಾದರೂ ಇರುತ್ತದೆ.

ಮಂಡ್ಯದ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿಯೊಂದರಲ್ಲಿ ಮೆಮೊರಿ ಕಾರ್ಡ್ ಕೊಟ್ಟರೆ ನೂರಾರು ಹಾಡು ತುಂಬಿಸಿಕೊಡುತ್ತಿದ್ದರು. ಅಂಗಡಿಯವನಿಗೆ 30 ರೂಪಾಯಿ, ಹಾಡಿದವರಿಗೆ ಬಿಡಿಗಾಸೂ ಇಲ್ಲ. ನಮ್ಮೂರಿನ ಜಾನಪದ ಗಾಯಕರೊಬ್ಬರು ಸಾಲ ಮಾಡಿ ಸ್ಟುಡಿಯೋ ಬಾಡಿಗೆ ಕಟ್ಟಿ, ತಮಟೆ, ಹಾರ್ಮೋನಿಯಂನವರಿಗೆ ದುಡ್ಡು ಕೊಟ್ಟು ಸಿ.ಡಿ. ಮಾಡಿಸಿದ್ದರು. ಜಾತ್ರೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಅವರದೇ ಹಾಡು, ಸಿ.ಡಿ. ಕಟ್ಟುಗಳು ಮಾತ್ರ ಅಟ್ಟದ ಮೇಲೇ ಉಳಿದವು. ಇನ್ನೊಂದನ್ನು ಅವರು ಮಾಡಲೇ ಇಲ್ಲ. ಹೀಗೆ ಹುಟ್ಟದೇ ಹೋದ ಹಾಡುಗಳೇ ನನ್ನ ಪ್ರಕಾರ ಅತಿ ದೊಡ್ಡ ನಷ್ಟ. ಹಾಕಿದ ಬಂಡವಾಳ ಬಾರದಿದ್ದರೆ ಕಂಪನಿಗಳೂ ಹೊಸಬರನ್ನು ನಂಬಿ ದುಡ್ಡು ಹಾಕುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ, ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದರೆ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಧನದಲ್ಲಿ (ಹಾಡು ಬಳಸಿದ್ದಕ್ಕೆ ಸಲ್ಲುವ ಹಣ, ರಾಯಲ್ಟಿ) ಸಮಪಾಲಿನ ಹಕ್ಕಿದೆ. ಆದರೆ ಲೆಕ್ಕಕ್ಕೇ ಸಿಗದ ಕಾಪಿಯಿಂದ ಯಾರ ಪಾಲು ತಾನೇ ಬಂದೀತು?

ದುಡ್ಡು ಕೊಡಲು ಆಗದವರು ಅಧಿಕೃತ ಆ್ಯಪ್‌ಗಳಲ್ಲಿ ಜಾಹೀರಾತಿನ ಜೊತೆ ಉಚಿತವಾಗಿಯೇ ಕೇಳಬಹುದು. ಅದರಿಂದ ಹಕ್ಕುದಾರರಿಗೆ ಸಲ್ಲುವುದು ಅಲ್ಪವೇ, ಆದರೂ ಸಲ್ಲುತ್ತದೆ.