ಕರಿ: ಎಷ್ಟು ಮೂಲ, ಎಷ್ಟು ಅರ್ಥ?

ಪ್ರಶ್ನೆ: ಕಾರಾಕೋರಂ ಪರ್ವತದ ಹೆಸರಿನಲ್ಲಿರುವ ‘ಕರ’ ತುರ್ಕಿ ಮೂಲದ್ದೆಂದೂ ಅದಕ್ಕೆ ಕಪ್ಪು ಎಂಬ ಅರ್ಥವಿದೆಯೆಂದೂ ಓದಿದೆ. ನಮ್ಮ ‘ಕರಿ’ಗೂ ಅದಕ್ಕೂ ಸಂಬಂಧವಿದೆಯೇ? ಆನೆಗೆ ‘ಕರಿ’ ಎನ್ನುವುದು ಅದರ ಬಣ್ಣದಿಂದಲೇ?

ಉತ್ತರ: ಸಂಬಂಧವಿದೆ ಎನ್ನಲು ತಕ್ಕ ಆಧಾರವಿಲ್ಲ. ತುರ್ಕಿ ನುಡಿಗಳಲ್ಲಿ ‘ಕರ’ ಎಂದರೆ ಕಪ್ಪು ಎಂಬುದು ನಿಜ. ತುರ್ಕ್‌ಮೆನಿಸ್ತಾನದ ಕರಕುಂ ಮರುಭೂಮಿಯ ಹೆಸರಿಗೆ ಕರಿಮರಳು ಎಂದೇ ಅರ್ಥ. ಕನ್ನಡದ ‘ಕರಿ’ಯಾದರೋ ತಮಿಳಿನ ‘ಕರು’, ‘ಕರುಪ್ಪು’ಗಳ ಒಡಹುಟ್ಟಾದ ದ್ರಾವಿಡ ಶಬ್ದ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಈ ಭಾಷೆಗಳನ್ನು ತುರ್ಕಿಯೂ ಸೇರಿದ್ದ ‘ಸಿಥಿಯನ್’ ಬಳಗದೊಂದಿಗೆ ಜೋಡಿಸಲು ಯತ್ನಿಸಿದರಾದರೂ ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಭಾಷೆಗಳ ನಂಟು ತಿಳಿಯುವುದು ಒಂದೆರಡು ಪದಗಳ ಹೋಲಿಕೆಯಿಂದಲ್ಲ, ಕ್ರಮಬದ್ಧವಾದ ಧ್ವನಿವ್ಯತ್ಯಾಸದಿಂದ. ತಮಿಳಿನ ಪಾಲ್, ಪಾಂಬು, ಪತ್ತು, ಪೆಣ್ ಎಂಬವು ಕನ್ನಡದಲ್ಲಿ ಸಾಲಾಗಿ ಹಾಲು, ಹಾವು, ಹತ್ತು, ಹೆಣ್ಣು ಆಗಿವೆ. ಇಂಥ ಸಾಲು ತುರ್ಕಿಯೊಡನೆ ಸಿಗುವುದಿಲ್ಲ. ಒಂದು, ಎರಡು, ಮೂರಕ್ಕೆ ಅಲ್ಲಿ ಬಿರ್, ಇಕಿ, ಉಚ್ ಎನ್ನುತ್ತಾರೆ; ನೀರಿಗೆ ಸು, ಕಣ್ಣಿಗೆ ಗೊಜ್. ಇಷ್ಟಕ್ಕೂ ಅದೇ ತುರ್ಕಿಯಲ್ಲಿ ‘ಕರ್’ ಎಂದರೆ ಹಿಮ!

ಆನೆಯ ಹೆಸರಾದ ‘ಕರಿ’ ಸಂಸ್ಕೃತದಿಂದ ಬಂದದ್ದು. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ‘ಕರ’ ಎಂದರೆ ಕೈ, ಸೊಂಡಿಲು ಆನೆಯ ಕೈ, ಆದ್ದರಿಂದ ಕೈಯುಳ್ಳದ್ದು ಕರಿ. ‘ಹಸ್ತಿ’ ಎಂಬುದೂ ಹೀಗೆಯೇ ಹುಟ್ಟಿತು. ಬೆಳ್ಳಗಿರುವ ಐರಾವತವನ್ನೂ ಕರಿಯೆಂದು ಕರೆಯಲು ಯಾವ ಅಡ್ಡಿಯೂ ಇಲ್ಲ.

ಹೋಟೆಲಿನ ಪಟ್ಟಿಯಲ್ಲಿ ಕಾಣುವ ‘ವೆಜ್ ಕರಿ’ಯ ದಾರಿ ಇನ್ನೊಂದು. ಅದು ದಕ್ಷಿಣದ ನುಡಿಯಿಂದ ಹೊರಟು, ಪೋರ್ಚುಗೀಸರ ಬಾಯಲ್ಲಿ ‘ಕರಿಲ್’ ಆಗಿ, ಇಂಗ್ಲಿಷಿಗೆ ಸೇರಿ ನಮ್ಮಲ್ಲಿಗೆ ಮರಳಿದ ಪದ. ಪಲ್ಯ, ಹುಳಿ, ಗೊಜ್ಜು ಎಂದು ಬೇರೆಬೇರೆ ಹೆಸರಿಟ್ಟುಕೊಂಡ ನಮ್ಮ ಅಡುಗೆಮನೆಗೆ ಅದರ ಅಗತ್ಯವಿತ್ತೇ ಎಂಬುದು ಬೇರೆ ಮಾತು. ಇದೂ ಕಪ್ಪು ಬಣ್ಣದ ‘ಕರಿ’ಯಲ್ಲ: ಇದ್ದಿಲಿನ ‘ಕರಿ’ಯನ್ನೂ ಪದಾರ್ಥದ ‘ಕಱಿ’ಯನ್ನೂ ತಮಿಳರು ಇಂದಿಗೂ ಬೇರೆ ಬೇರೆ ರಕಾರಗಳಲ್ಲಿ ಬರೆಯುತ್ತಾರೆ. ಹಳಗನ್ನಡದ ಶಕಟರೇಫವನ್ನು, ಎಂದರೆ ‘ಱ’ ಅಕ್ಷರವನ್ನು, ಕೈಬಿಟ್ಟ ನಮಗೆ ಎರಡಕ್ಕೂ ಒಂದೇ ಅಕ್ಷರ ಉಳಿದಿದೆ.